ಇಂಬಳದ ಎಂಜಲು

ಆರಿದ್ರಾ ಮಳೆ ಹಿಡಿದ ಮೇಲೆ ಮೂಡಿಗೆರೆ ಕಡೆ ಕಾಫಿ ತೋಟಕ್ಕೆ ಇಳಿದವರು ಮನೆಗೆ ಬಂದು ಮೊದಲು ನೋಡಿಕೊಳ್ಳುವುದು ಕಾಲ್ಬೆರಳ ಸಂದಿಯನ್ನು. ನಾನು ಹುಡುಗನಾಗಿದ್ದಾಗ ದೊಡ್ಡಮ್ಮ ಜಗಲಿಯಲ್ಲೇ ತಡೆಯುತ್ತಿದ್ದರು: "ಅಲ್ಲೇ ನಿಲ್ಲು ಮಾರಾಯ, ಕಾಲು ತೋರ್ಸು." ಇಂಬಳ, ಅಂದರೆ ಕಾಡಿನ ನೆಲದ ಜಿಗಣೆ, ಹೊಟ್ಟೆ ತುಂಬಿ ಎಲ್ಲೋ ಉದುರಿಹೋಗಿರುತ್ತಿತ್ತು, ರಕ್ತ ಮಾತ್ರ ಹಿಮ್ಮಡಿಯವರೆಗೂ ಇಳಿಯುತ್ತಿತ್ತು. ಕತ್ತಿ ತಾಗಿದ ಸಣ್ಣ ಗಾಯ ಹತ್ತು ನಿಮಿಷದೊಳಗೆ ಕಟ್ಟಿಕೊಳ್ಳುತ್ತದೆ. ಸಾಸಿವೆ ಕಾಳಿನಷ್ಟು ತೂತು ಗಂಟೆಗಟ್ಟಲೆ ಒಸರುವುದೇಕೆ? "ಅದರ ಎಂಜಲೇ ಹಾಗೆ" ಎನ್ನುತ್ತಾ ದೊಡ್ಡಮ್ಮ ಸುಣ್ಣ ಹಚ್ಚುತ್ತಿದ್ದರು. ವಿಜ್ಞಾನದ ಉತ್ತರವೂ ಅದೇ.

ನಮ್ಮ ರಕ್ತದಲ್ಲಿ ಫೈಬ್ರಿನೋಜನ್ ಎಂಬ ಪ್ರೋಟೀನು ಕರಗಿಕೊಂಡಿರುತ್ತದೆ. ಗಾಯವಾದೊಡನೆ ಥ್ರಾಂಬಿನ್ ಎಂಬ ಕಿಣ್ವ ಅದನ್ನು ಕತ್ತರಿಸುತ್ತದೆ. ಹಾಗೆ ಚೂರು ಕತ್ತರಿಸಿಕೊಂಡ ಪ್ರೋಟೀನುಗಳು ಒಂದಕ್ಕೊಂದು ಸೇರಿ ಎಳೆಯಾಗಿ, ಎಳೆಗಳು ಬಲೆಯಾಗಿ, ಬಲೆಯಲ್ಲಿ ರಕ್ತಕಣಗಳು ಸಿಕ್ಕಿ ಗಾಯ ಮುಚ್ಚುತ್ತದೆ. ಇದು ನಮಗೆ ಜೀವ ಉಳಿಸುವ ಏರ್ಪಾಡು, ಇಂಬಳಕ್ಕೆ ಪ್ರಾಣಸಂಕಟ. ಒಮ್ಮೆ ಹೀರಿದ ರಕ್ತದಲ್ಲಿ ಅದು ತಿಂಗಳುಗಟ್ಟಲೆ ಬದುಕಬೇಕು. ಆ ರಕ್ತ ಹೊಟ್ಟೆಯೊಳಗೇ ಹೆಪ್ಪುಗಟ್ಟಿದರೆ ಕಥೆ ಮುಗಿಯಿತು.

ಕೆರೆಯ ಜಿಗಣೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತುವಿದೆ ಎಂದು 1884ರಲ್ಲಿ ಜಾನ್ ಹೇಕ್ರಾಫ್ಟ್ ತೋರಿಸಿದರು. ಅದಕ್ಕೆ ಆಮೇಲೆ ಹಿರುಡಿನ್ ಎಂಬ ಹೆಸರು ಬಂತು. 65 ಅಮೈನೋ ಆಮ್ಲಗಳ ಪುಟ್ಟ ಸರಪಳಿ ಅದು. ಥ್ರಾಂಬಿನ್ ಒಂದು ಕತ್ತರಿ ಎಂದುಕೊಂಡರೆ, ಹಿರುಡಿನ್ ಅದರ ಬಾಯಿಯನ್ನೂ ಮುಚ್ಚುತ್ತದೆ, ಫೈಬ್ರಿನೋಜನ್ ಬಂದು ಕೂರುವ ಜಾಗವನ್ನೂ ಬಾಲದಿಂದ ಸುತ್ತಿ ಹಿಡಿಯುತ್ತದೆ. ನಮ್ಮ ಕಾಡಿನ ಇಂಬಳದ ಬಳಗಕ್ಕೆ ಸೇರಿದ ಹೆಮಾಡಿಪ್ಸಾ ಸಿಲ್ವೆಸ್ಟ್ರಿಸ್ ಜಾತಿಯಲ್ಲಿ ಇದೇ ಕೆಲಸಕ್ಕೆ ಬೇರೆಯದೇ ಪ್ರೋಟೀನು ಸಿಕ್ಕಿದೆ. ಅದು ಹೆಮಾಡಿನ್, 57 ಅಮೈನೋ ಆಮ್ಲಗಳದ್ದು.

ಹೃದಯದ ರಕ್ತನಾಳ ಕಟ್ಟಿಕೊಂಡವರಿಗೆ ಕೊಳವೆ ತೂರಿಸಿ ಸ್ಟೆಂಟ್ ಹಾಕುತ್ತಾರಲ್ಲ, ಆಗ ಹೊರಗಿನ ವಸ್ತು ತಾಗಿದೊಡನೆ ರಕ್ತ ಅಲ್ಲೇ ಹೆಪ್ಪುಗಟ್ಟಲು ನೋಡುತ್ತದೆ. ಅದನ್ನು ತಡೆಯಲು ಬಳಸುವ ಔಷಧಿಗಳಲ್ಲಿ ಬೈವಲಿರುಡಿನ್ ಒಂದು. ಹಿರುಡಿನ್ನಿನ ಮಾದರಿಯಲ್ಲೇ ತಯಾರಿಸಿದ, 20 ಅಮೈನೋ ಆಮ್ಲಗಳ ಸರಪಳಿ. ಅಮೆರಿಕದಲ್ಲಿ 2000ದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಇದನ್ನು ಮೊದಲ ಸಲ ಓದಿದಾಗ ದೊಡ್ಡಮ್ಮನ ಸುಣ್ಣದ ಡಬ್ಬಿ ಕಣ್ಣಮುಂದೆ ಬಂದಿತ್ತು.

ಇನ್ನೂ ಸೋಜಿಗದ್ದು ಜಿಗಣೆಯನ್ನೇ ಬಳಸುವ ಶಸ್ತ್ರಚಿಕಿತ್ಸೆ. ತುಂಡಾದ ಬೆರಳನ್ನೋ ಕಿವಿಯನ್ನೋ ಮತ್ತೆ ಕೂಡಿಸುವಾಗ ರಕ್ತ ತರುವ ಧಮನಿಗಳನ್ನು ಹೊಲಿಯಬಹುದು. ರಕ್ತ ಹಿಂದಿರುಗುವ ಅಭಿಧಮನಿಗಳು ತೆಳು, ಹೊಲಿಗೆಗೆ ನಿಲ್ಲುವುದು ಕಷ್ಟ. ಒಳಗೆ ಬಂದ ರಕ್ತಕ್ಕೆ ಹೋಗಲು ದಾರಿಯಿಲ್ಲದೆ ಭಾಗವೆಲ್ಲ ನೀಲಿಗಟ್ಟುತ್ತದೆ. ಅಲ್ಲಿಗೆ ಜಿಗಣೆ ಕಚ್ಚಿಸುತ್ತಾರೆ. ಅದು ಹೀರುವುದಕ್ಕಿಂತ, ಉದುರಿದ ಮೇಲೂ ಗಾಯ ಗಂಟೆಗಟ್ಟಲೆ ಒಸರುವುದೇ ಇಲ್ಲಿ ದೊಡ್ಡ ಉಪಕಾರ. ಅಷ್ಟರಲ್ಲಿ ಹೊಸ ಸೂಕ್ಷ್ಮನಾಳಗಳು ಬೆಳೆಯಲು ಸಮಯ ಸಿಗುತ್ತದೆ. 1985ರಲ್ಲಿ ಬೋಸ್ಟನ್ನಿನಲ್ಲಿ ಡಾ. ಜೋಸೆಫ್ ಆಪ್ಟನ್ ಒಬ್ಬ ಪುಟ್ಟ ಹುಡುಗನ ಕಿವಿಯನ್ನು ಹೀಗೆ ಉಳಿಸಿದರು. ನಾವು ಕಾಟ ಎಂದು ಬೈಯುವ ಗುಣವೇ ಅಲ್ಲಿ ಮದ್ದು.

ಇಂಬಳದ ಹೊಟ್ಟೆ ಕಾಡಿನ ಹಾಜರಿ ಪುಸ್ತಕವೂ ಹೌದು. ಹೀರಿದ ರಕ್ತದಲ್ಲಿ ಆ ಪ್ರಾಣಿಯ ಡಿಎನ್‌ಎ ತಿಂಗಳುಗಟ್ಟಲೆ ಉಳಿಯುತ್ತದೆ. ವಿಯೆಟ್ನಾಮಿನ ಕಾಡಿನ ಇಂಬಳಗಳನ್ನು ಹೀಗೆ ಪರೀಕ್ಷಿಸಿದಾಗ, ಮನುಷ್ಯರ ಕಣ್ಣಿಗೆ ಬೀಳುವುದೇ ಅಪರೂಪವಾದ ಪಟ್ಟೆ ಮೊಲದ ಸುಳಿವು ಸಿಕ್ಕಿತ್ತು. ಅದು 2012ರಲ್ಲಿ ಪ್ರಕಟವಾದ ಸಂಶೋಧನೆ. ಭದ್ರಾ ಕಾಡಿನ ಇಂಬಳಗಳ ಹೊಟ್ಟೆಯಲ್ಲಿ ಏನೆಲ್ಲ ದಾಖಲಾಗಿರಬಹುದು ಎಂದು ನನಗಂತೂ ಬಹಳ ಕುತೂಹಲ.

ಕಚ್ಚಿಕೊಂಡದ್ದನ್ನು ಕಿತ್ತು ಎಳೆಯಬೇಡಿ. ತೆಳ್ಳಗಿನ ತುದಿ ಬಾಯಿ. ಅದರಡಿ ಉಗುರು ಸರಿಸಿದರೆ ಹಿಡಿತ ಬಿಡುತ್ತದೆ. ಚರ್ಮದ ಮೇಲೆ ಮೂರು ಕವಲಿನ ಸಣ್ಣ ಗುರುತು ಕಾಣುತ್ತದೆ, ಮೂರು ದವಡೆಗಳ ಗುರುತು.

ಕಳೆದ ಮಳೆಗಾಲದಲ್ಲಿ ಜಗಲಿ ಕಲ್ಲಿನ ಮೇಲೆ ಒಂದು ಇಂಬಳ ತುದಿಯೂರಿ ಎದ್ದು ನಿಂತು, ಗಾಳಿಯಲ್ಲಿ ತೂಗುತ್ತಾ ಏನನ್ನೋ ಹುಡುಕುತ್ತಿತ್ತು. ಉಸಿರಿನ ಇಂಗಾಲದ ಡೈಆಕ್ಸೈಡೂ ಬಿಸಿಯೂ ಅದಕ್ಕೆ ತಿಳಿಯುತ್ತವೆ. ಬಗ್ಗಿ ಮೆಲ್ಲನೆ ಉಸಿರು ಬಿಟ್ಟೆ. ತೂಗುತ್ತಿದ್ದ ತಲೆ ನಿಂತಿತು, ನನ್ನತ್ತ ತಿರುಗಿತು, ಒಂದೊಂದೇ ಗೇಣು ಹಾಕಿದಂತೆ ಮೈಯನ್ನು ಬಾಗಿಸಿ ಬಾಗಿಸಿ ಬರತೊಡಗಿತು.