ಲಾಡಿಹುಳು ಒಬ್ಬರ ಹೊಟ್ಟೆಯಲ್ಲಿ, ಗಂಡಾಂತರ ಮನೆಮಂದಿಗೆಲ್ಲ

"ನಾವು ಮಾಂಸ ಮುಟ್ಟೂದಿಲ್ಲರೀ, ನಮಗ್ಯಾಕ ಬರತೈತಿ?" ಲಾಡಿಹುಳುವಿನ ಮಾತು ಎತ್ತಿದರೆ ಸಾಕು, ವಿಜಯಪುರದ ನನ್ನ ಕ್ಲಿನಿಕ್‌ನಲ್ಲಿ ಇದೇ ಉತ್ತರ. ಅರ್ಧ ಸರಿ. ಉಳಿದರ್ಧ ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ.

ಈಚೆಗೆ ಒಬ್ಬ ಯಜಮಾನರಿಗೆ ಕೊಲೊನೋಸ್ಕೋಪಿ ಮಾಡಿದೆ, ಅಂದರೆ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳು ನೋಡಿದೆ. ಮೂಲವ್ಯಾಧಿ ಇರಬಹುದೆಂದು ಬಂದವರು. ಸಣ್ಣ ಕರುಳು ಬಂದು ದೊಡ್ಡ ಕರುಳಿಗೆ ಕೂಡುವ ಜಾಗದಲ್ಲಿ ಬಿಳಿ, ಚಪ್ಪಟೆ ಪಟ್ಟಿಯೊಂದು ಹೊರಳಾಡುತ್ತಿತ್ತು. ಹೊಟ್ಟೆನೋವಿಲ್ಲ, ತೂಕ ಇಳಿದಿಲ್ಲ. ಹೆಚ್ಚಿನವರಿಗೆ ಹೀಗೇ, ಗೊತ್ತೇ ಆಗುವುದಿಲ್ಲ. "ಅಲ್ಲೇ ಹಿಡದು ಜಗ್ಗಬೇಕಿತ್ತಲ್ರೀ ಸಾಹೇಬ್ರ" ಎಂದರು. ಜಗ್ಗಿದರೆ ಕಡಿಯುತ್ತದೆ. ತಲೆ ಇನ್ನೂ ಮೇಲೆ, ಸಣ್ಣ ಕರುಳಿನ ಗೋಡೆಗೆ ಕಚ್ಚಿಕೊಂಡಿರುತ್ತದೆ. ತಲೆ ಉಳಿದರೆ ಹುಳು ಮತ್ತೆ ಬೆಳೆಯುತ್ತದೆ.

ಆಮೇಲೆ ದನಿ ತಗ್ಗಿಸಿದರು. "ಮನ್ಯಾಗ ಹೇಳಬ್ಯಾಡ್ರಿ, ಹೊರಗ ತಿಂದೀನಿ. ಅವರು ತತ್ತಿ ಸೈತ ತಿನ್ನೂದಿಲ್ಲ, ಅವರಿಗೇನೂ ಆಗೂದಿಲ್ಲಲ್ರೀ?" ಗುಟ್ಟು ಅವರದು, ನಾನು ಹೇಳುವುದಿಲ್ಲ. ಆದರೆ ಆ ಪ್ರಶ್ನೆಗೆ ಬಿಡಿಸಿ ಉತ್ತರ ಕೊಡಲೇಬೇಕು.

ಸರಿಯಾಗಿ ಬೇಯದ ಹಂದಿ ಇಲ್ಲವೇ ದನದ ಮಾಂಸದಲ್ಲಿ ಹುಳುವಿನ ಮರಿ ಇರಬಹುದು. ತಿಂದವರ ಕರುಳಲ್ಲಿ ಅದು ಮೀಟರುಗಟ್ಟಲೆ ಬೆಳೆಯುತ್ತದೆ. ಇದು ಒಂದು ದಾರಿ. ಇನ್ನೊಂದು ದಾರಿ ಹುಳುವಿನ ಮೊಟ್ಟೆಯದು. ಅದು ಮಲದಲ್ಲಿ ಹೊರಬೀಳುತ್ತದೆ. ಹಂದಿ ಮಾಂಸದ ಹುಳುವಾದರೆ, ಅದರ ಮೊಟ್ಟೆ ನುಂಗಿದವರ ಕರುಳಲ್ಲಿ ಹುಳು ಬೆಳೆಯುವುದಿಲ್ಲ. ಮರಿ ರಕ್ತದಲ್ಲಿ ಹರಿದು ಮಿದುಳಲ್ಲಿ ಗಂಟಾಗಿ ಕೂರಬಹುದು. ಫಿಟ್ಸ್ ಬರಬಹುದು. ಇದಕ್ಕೆ ಮಾಂಸ ತಿನ್ನಬೇಕಿಲ್ಲ. ಹುಳು ಇದ್ದವರು ಶೌಚಕ್ಕೆ ಹೋಗಿ ಬಂದು, ಸೋಪು ಹಚ್ಚದ ಕೈಯಿಂದ ರೊಟ್ಟಿ ಮುರಿದು ಕೊಟ್ಟರೂ ಸಾಕು. ಜನ ಬಯಲಿಗೆ ಹೋಗುವ ಹೊಲದ ಮೆಂತ್ಯೆ, ಮೂಲಂಗಿ, ಹಕ್ಕರಕಿ ತೊಳೆಯದೆ ತಿಂದರೂ ಸಾಕು. ನಮ್ಮ ಕಡೆ ರೊಟ್ಟಿ ಜೊತೆ ಹಸಿ ತಪ್ಪಲು ಇಲ್ಲದಿದ್ದರೆ ಊಟ ಸೇರುವುದಿಲ್ಲ, ಅಲ್ವಾ? ತಿನ್ನಿ, ಆದರೆ ಎಲೆ ಎಲೆ ಬಿಡಿಸಿ ಹರಿಯುವ ನೀರಲ್ಲಿ ತೊಳೆಯಿರಿ.

ದನದ ಮಾಂಸದ ಹುಳುವಿನ ಮೊಟ್ಟೆಯಿಂದ ಮಿದುಳಿಗೆ ಈ ಕಾಟವಿಲ್ಲ. ಆದರೆ ಕ್ಯಾಮೆರಾದಲ್ಲಿ ಪಟ್ಟಿ ನೋಡಿ ಯಾವುದೆಂದು ಹೇಳಲಾಗದು. ಲ್ಯಾಬ್ ರಿಪೋರ್ಟ್ ಬರುವ ತನಕ ಹಂದಿಯದೇ ಎಂದುಕೊಂಡು ಎಚ್ಚರದಿಂದಿರುವುದು ಒಳ್ಳೆಯದು.

ಶಾಲೆಯಲ್ಲಿ ಮಕ್ಕಳಿಗೆ ಕೊಡುವ ಜಂತುಹುಳುವಿನ ಔಷಧಿ ಅಲ್ಬೆಂಡಜೋಲ್‌ನ ಒಂದು ಮಾತ್ರೆಯನ್ನು ಇದಕ್ಕೆ ನಂಬಬೇಡಿ. ಪ್ರಾಜಿಕ್ವಾಂಟೆಲ್ ಅಥವಾ ನಿಕ್ಲೋಸಮೈಡ್ ಬೇಕು, ಸಾಮಾನ್ಯವಾಗಿ ಒಂದೇ ಡೋಸ್. ಸುಮ್ನೆ ಅಂಗಡಿಯಿಂದ ತಂದು ನುಂಗಬೇಡಿ. ಮಿದುಳಲ್ಲಿ ಗಂಟಿದ್ದರೆ ಪ್ರಾಜಿಕ್ವಾಂಟೆಲ್‌ನಿಂದ ಫಿಟ್ಸ್ ಕೆರಳಬಹುದು. ಹಿಂದೆ ಫಿಟ್ಸ್ ಬಂದಿದ್ದರೆ, ತಲೆನೋವು ಜಾಸ್ತಿ ಇದ್ದರೆ ಮೊದಲೇ ಹೇಳಿ. ಮಾತ್ರೆ ತಗೊಂಡು ಒಂದು ತಿಂಗಳಿಗೆ, ಮತ್ತೆ ಮೂರು ತಿಂಗಳಿಗೆ ಮಲ ಪರೀಕ್ಷೆ ಮಾಡಿಸಿ. ಮನೆಯಲ್ಲಿ ಯಾರಿಗಾದರೂ ಫಿಟ್ಸ್ ಬಂದಿದ್ದರೆ ಅವರನ್ನೂ ಕರೆದುಕೊಂಡು ಬನ್ನಿ. ಯಾಕೆಂದು ಅವರಿಗೆ ಏನು ಹೇಳುತ್ತೀರೋ, ಅದು ನಿಮಗೆ ಬಿಟ್ಟದ್ದು.