ಓಟ ಮತ್ತು ಬಲ ಕೂಡಿದ ಸ್ಪರ್ಧೆಗೆ ತಯಾರಿ: ಹೈರಾಕ್ಸ್ ಕುರಿತ ಅಧ್ಯಯನ ಟಿಪ್ಪಣಿ

ಹೈರಾಕ್ಸ್ 2017ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಆರಂಭವಾದ ಸ್ಪರ್ಧೆ. ಕ್ರಿಶ್ಚಿಯನ್ ಟೋಟ್ಸ್ಕೆ ಮತ್ತು ಹಾಕಿಯಲ್ಲಿ ಎರಡು ಒಲಿಂಪಿಕ್ ಚಿನ್ನ ಗೆದ್ದ ಮೊರಿಟ್ಜ್ ಫ್ಯೂರ್ಸ್ಟೆ ಇದರ ಸ್ಥಾಪಕರು. 2025ರಲ್ಲಿ ಇದು ಮುಂಬೈಗೆ ಬಂದುದರಿಂದ ಕಲಬುರಗಿಯವರಿಗೆ ಒಂದು ರಾತ್ರಿಯ ರೈಲು ಪ್ರಯಾಣದಷ್ಟು ಹತ್ತಿರವಾಗಿದೆ. ಸ್ಪರ್ಧೆಯಲ್ಲಿ ಒಂದು ಕಿಲೋಮೀಟರ್ ಓಡಿ ಒಂದು ಕಸರತ್ತು ಮುಗಿಸಬೇಕು, ಮತ್ತೆ ಓಡಬೇಕು. ಹೀಗೆ ಎಂಟು ಬಾರಿ. ಕಸರತ್ತುಗಳ ಕ್ರಮವೂ ಎಲ್ಲ ಊರುಗಳಲ್ಲಿ ಒಂದೇ: 1000 ಮೀಟರ್ ಸ್ಕೀ ಯಂತ್ರ (ನಿಂತು ಎರಡೂ ಹಿಡಿಕೆಗಳನ್ನು ಮೇಲಿಂದ ಕೆಳಗೆ ಎಳೆಯುವ ಯಂತ್ರ), 50 ಮೀಟರ್ ಸ್ಲೆಡ್ (ತೂಕ ಹೇರಿದ, ಚಕ್ರವಿಲ್ಲದ ಜಾರುಬಂಡಿ) ತಳ್ಳುವುದು, 50 ಮೀಟರ್ ಸ್ಲೆಡ್ ಎಳೆಯುವುದು, 80 ಮೀಟರ್ ಬರ್ಪಿ ಜಿಗಿತ (ನೆಲಕ್ಕೆ ಎದೆ ತಾಗಿಸಿ ಎದ್ದು ಮುಂದಕ್ಕೆ ಜಿಗಿಯುವುದು), 1000 ಮೀಟರ್ ರೋಯಿಂಗ್ ಯಂತ್ರ, ಎರಡೂ ಕೈಯಲ್ಲಿ ತೂಕ ಹಿಡಿದು 200 ಮೀಟರ್ ನಡಿಗೆ, ಹೆಗಲ ಮೇಲೆ ಮರಳಿನ ಚೀಲ ಹೊತ್ತು 100 ಮೀಟರ್ ಲಂಜ್ (ಒಂದೊಂದೇ ಕಾಲನ್ನು ಮುಂದಿಟ್ಟು ಮೊಣಕಾಲು ಮಡಿಸಿ ಕೆಳಗಿಳಿಯುತ್ತ ಸಾಗುವುದು), ಕೊನೆಗೆ 100 ವಾಲ್ ಬಾಲ್ (ಬೈಠಕ್ ಹೊಡೆದು ಎದ್ದು ಭಾರದ ಚೆಂಡನ್ನು ಎತ್ತರದ ಗುರಿಗೆ ಎಸೆಯುವುದು). ಪುರುಷರ ಓಪನ್ (ಸಾಮಾನ್ಯ ಸ್ಪರ್ಧಿಗಳ) ವಿಭಾಗದಲ್ಲಿ ತಳ್ಳುವ ಸ್ಲೆಡ್ಡಿನ ಒಟ್ಟು ತೂಕ 152 ಕೆ.ಜಿ., ಮಹಿಳೆಯರ ಓಪನ್ ವಿಭಾಗದಲ್ಲಿ 102 ಕೆ.ಜಿ.

ಈ ತೂಕಗಳನ್ನು ಕೇಳಿದೊಡನೆ ನಮ್ಮ ಭಾಗದ ತಾಲೀಮಿನ ಹುಡುಗರು ಬಲ ಹೆಚ್ಚಿಸಿಕೊಳ್ಳಲು ಹೊರಡುವುದು ಸಹಜ. ಆದರೆ ಸಮಯ ಎಲ್ಲಿ ಖರ್ಚಾಗುತ್ತದೆ ಎಂಬುದನ್ನು ಮೊದಲು ಲೆಕ್ಕ ಹಾಕಬೇಕು. ಕಿಲೋಮೀಟರಿಗೆ ಆರೂವರೆ ನಿಮಿಷದಂತೆ ಓಡುವವರಿಗೆ ಎಂಟು ಕಿಲೋಮೀಟರಿಗೆ 52 ನಿಮಿಷ ಬೇಕು. ಅದನ್ನೇ 5 ನಿಮಿಷ 45 ಸೆಕೆಂಡಿಗೆ ಇಳಿಸಿದರೆ 46 ನಿಮಿಷ ಸಾಕು. ಉಳಿತಾಯ ಆರು ನಿಮಿಷ. ವಾಲ್ ಬಾಲನ್ನು ಏಳು ನಿಮಿಷದಲ್ಲಿ ಮುಗಿಸುವವರು ಎಷ್ಟೇ ಬಲಶಾಲಿಗಳಾದರೂ ಅದೊಂದರಲ್ಲೇ ಆರು ನಿಮಿಷ ಉಳಿಸಲಾರರು. ಆದ್ದರಿಂದ ಸ್ಲೆಡ್ಡು ಅಲುಗದೆ ನಿಂತುಬಿಡುವಷ್ಟು ಬಲ ಕಡಿಮೆಯಿರುವವರನ್ನು ಬಿಟ್ಟರೆ, ಉಳಿದ ಹೆಚ್ಚಿನವರಿಗೆ ಸುಧಾರಣೆಯ ದಾರಿ ಓಟದಲ್ಲಿದೆ, ಅದರಲ್ಲೂ ದಣಿದ ಕಾಲಿನ ಓಟದಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸ್ಲೆಡ್ ತಳ್ಳಿದ ಮೇಲೆ ಕಾಲು ಕಲ್ಲಾಗುವುದೇಕೆ?

ಭಾರ ತಳ್ಳುವಾಗ ತೊಡೆಯ ಸ್ನಾಯುಗಳು ಬಹಳ ಹೊತ್ತು ಬಿಗಿದುಕೊಂಡೇ ಇರುತ್ತವೆ. ಬಿಗಿದ ಸ್ನಾಯುವಿನೊಳಗಿನ ಒತ್ತಡ ರಕ್ತನಾಳಗಳನ್ನು ಅದುಮುವುದರಿಂದ ಆಮ್ಲಜನಕದ ಪೂರೈಕೆ ಕುಗ್ಗುತ್ತದೆ, ಆಮ್ಲಜನಕವಿಲ್ಲದೆ ಶಕ್ತಿ ಒದಗಿಸುವ ಕ್ರಿಯೆಯ ಮೇಲೆ ದೇಹ ಹೆಚ್ಚು ಅವಲಂಬಿಸುತ್ತದೆ, ಸ್ನಾಯುವಿನಲ್ಲಿ ಆಮ್ಲೀಯತೆ ಏರುತ್ತದೆ. ಈ ಕ್ರಿಯೆಯಲ್ಲಿ ಹುಟ್ಟುವ ಲ್ಯಾಕ್ಟೇಟನ್ನು ವಿಷವೆಂದು ತಿಳಿಯುವುದು ಸರಿಯಲ್ಲ. ಹೃದಯ ಮತ್ತು ಇತರ ಸ್ನಾಯುಗಳು ಅದನ್ನೇ ಇಂಧನವಾಗಿ ಬಳಸುತ್ತವೆ. ಅದನ್ನು ಬಳಸುವ ವೇಗ ಅದು ಹುಟ್ಟುವ ವೇಗಕ್ಕೆ ಸರಿಸಮನಾಗಿ ನಿಲ್ಲುವ ಮಿತಿಯನ್ನು ಲ್ಯಾಕ್ಟೇಟ್ ಥ್ರೆಶೋಲ್ಡ್ ಎನ್ನುತ್ತಾರೆ. ಈ ಮಿತಿ ಎತ್ತರದಲ್ಲಿದ್ದವರಿಗೆ ಸ್ಲೆಡ್ಡಿನ ನಂತರದ ಓಟದಲ್ಲೇ ದಮ್ಮು ಮರಳುತ್ತದೆ. ಮಿತಿಯನ್ನು ಏರಿಸುವ ಸರಳ ಅಭ್ಯಾಸವೆಂದರೆ, ತುಂಡು ಮಾತಷ್ಟೇ ಆಡಲು ಸಾಧ್ಯವಾಗುವ ವೇಗದಲ್ಲಿ ವಾರಕ್ಕೊಮ್ಮೆ 20ರಿಂದ 30 ನಿಮಿಷ ಓಡುವುದು. ಉಳಿದ ಓಟಗಳು ನಿಧಾನವಾಗಿಯೇ ಇರಲಿ.

ಇದರ ಜೊತೆಗೆ ವಾರಕ್ಕೊಂದು ಕೂಡು ಅಭ್ಯಾಸ ಬೇಕು. ಇದಕ್ಕೆ ದುಬಾರಿ ಜಿಮ್ ಬೇಕಾಗಿಲ್ಲ. ಟ್ರ್ಯಾಕ್ಟರಿನ ಹಳೆಯ ಟೈರಿಗೆ ಹಗ್ಗ ಕಟ್ಟಿ, ಅದರ ಮೇಲೆ ಮರಳಿನ ಚೀಲ ಹೇರಿ, ಸೊಂಟದ ಪಟ್ಟಿಯಿಂದ 50 ಮೀಟರ್ ಎಳೆದು, ನಿಲ್ಲದೆ ಒಂದು ಕಿಲೋಮೀಟರ್ ಓಡಬೇಕು. ಇದನ್ನು ಮೂರು ಅಥವಾ ನಾಲ್ಕು ಸಲ ಮಾಡಿದರೆ ಸಾಕು. ಎರೆಮಣ್ಣು ಒಣಗಿದಾಗ ಮತ್ತು ಹಸಿಯಿದ್ದಾಗ ಟೈರಿನ ಹಿಡಿತ ಪೂರ್ತಿ ಬದಲಾಗುವುದರಿಂದ, ವಾರದಿಂದ ವಾರಕ್ಕೆ ಹೋಲಿಸಬೇಕಾದವರು ಒಂದೇ ಬಗೆಯ ಗಟ್ಟಿ ನೆಲವನ್ನು ಆರಿಸಿಕೊಳ್ಳಬೇಕು. ಪ್ರತಿ ಕಿಲೋಮೀಟರಿನ ಸಮಯವನ್ನು ಬರೆದಿಡಿ. ಮೊದಲನೆಯದಕ್ಕಿಂತ ಕೊನೆಯದು ಅರ್ಧ ನಿಮಿಷಕ್ಕೂ ಹೆಚ್ಚು ನಿಧಾನವಾಗಿದ್ದರೆ ಮೊದಲನೆಯದನ್ನು ಅತಿ ವೇಗವಾಗಿ ಓಡಿದ್ದೀರಿ ಎಂದೇ ನಾನು ಓದುತ್ತೇನೆ. ಭಾರ ಬಿಟ್ಟ ಮೇಲಿನ ಮೊದಲ 200 ಮೀಟರನ್ನು ಸಣ್ಣ, ಚುರುಕು ಹೆಜ್ಜೆಗಳಲ್ಲಿ ಓಡಿ, ಉಸಿರು ಸಮಕ್ಕೆ ಬಂದ ಮೇಲೆ ಹೆಜ್ಜೆ ಉದ್ದ ಮಾಡುವುದನ್ನು ಇಲ್ಲಿಯೇ ರೂಢಿಸಿಕೊಳ್ಳಬೇಕು.

ಎರಡನ್ನೂ ಒಟ್ಟಿಗೆ ಬೆಳೆಸುವ ಕಷ್ಟ

1980ರಲ್ಲಿ ರಾಬರ್ಟ್ ಹಿಕ್ಸನ್ ಪ್ರಕಟಿಸಿದ ಅಧ್ಯಯನ ಈ ವಿಷಯದ ಬುನಾದಿ. ಹತ್ತು ವಾರ ಬಲದ ತರಬೇತಿಯನ್ನಷ್ಟೇ ಪಡೆದವರ ಬಲ ಕೊನೆಯವರೆಗೂ ಏರಿತು. ಅದರ ಜೊತೆಗೆ ಕಠಿಣ ಸಹಿಷ್ಣುತೆಯ (ದೀರ್ಘ ಹೊತ್ತು ದಮ್ಮು ಉಳಿಸಿಕೊಳ್ಳುವ) ತರಬೇತಿಯನ್ನೂ ಪಡೆದವರ ಬಲ ಮೊದಲ ವಾರಗಳಲ್ಲಿ ಏರಿ, ಕೊನೆಯ ವಾರಗಳಲ್ಲಿ ಕುಸಿಯಿತು. ಆದರೆ ಅವರು ಎರಡನ್ನೂ ವಾರದ ಬಹುಪಾಲು ದಿನಗಳಲ್ಲಿ ತೀವ್ರವಾಗಿ ಮಾಡುತ್ತಿದ್ದರು ಎಂಬುದನ್ನು ಮರೆತು ಈ ಫಲಿತಾಂಶವನ್ನು ಎಲ್ಲರಿಗೂ ಅನ್ವಯಿಸಬಾರದು. ವಾರಕ್ಕೆ ಎರಡು ದಿನ ಬಲ, ಎರಡು ದಿನ ಓಟ, ಒಂದು ದಿನ ಕೂಡು ಅಭ್ಯಾಸ ಮಾಡುವ ನಮ್ಮಂಥವರಿಗೆ ಆ ಅಡ್ಡಿ ಅಷ್ಟಾಗಿ ತಟ್ಟದು. ಒಂದೇ ದಿನ ಎರಡೂ ಬಂದರೆ ನಡುವೆ ಆರು ತಾಸಾದರೂ ಅಂತರವಿರಲಿ. ಬೈಠಕ್, ಡೆಡ್‌ಲಿಫ್ಟ್ (ನೆಲದ ಮೇಲಿನ ಭಾರವನ್ನು ಹಿಡಿದು ನೆಟ್ಟಗೆ ನಿಲ್ಲುವುದು), ಲಂಜ್ ಇಷ್ಟನ್ನು ಕ್ರಮವಾಗಿ ಭಾರ ಏರಿಸುತ್ತ ಮಾಡಿದರೆ ಬಲದ ಭಾಗ ನೆರವೇರುತ್ತದೆ.

ಕಸರತ್ತುಗಳಲ್ಲಿ ಸಮಯ ಉಳಿಯುವುದು ಕ್ರಮ ಅರಿತು ಮಾಡುವುದರಿಂದ. ವಾಲ್ ಬಾಲಿನಲ್ಲಿ ಸೊಂಟದ ಮಡಿಕೆ ಮೊಣಕಾಲಿಗಿಂತ ಕೆಳಗಿಳಿಯದಿದ್ದರೆ ಆ ಎಸೆತ ಲೆಕ್ಕಕ್ಕಿಲ್ಲ. ಆದ್ದರಿಂದ ಕೈಸೋಲುವ ತನಕ ಎಸೆಯುವುದಕ್ಕಿಂತ ಹತ್ತತ್ತರ ಕಂತು ಮಾಡಿ ನಡುವೆ ಮೂರು ನಾಲ್ಕು ಉಸಿರು ತೆಗೆದುಕೊಳ್ಳುವುದು ಲೇಸು. ಲಂಜ್‌ನಲ್ಲಿ ಹಿಂದಿನ ಮೊಣಕಾಲು ನೆಲ ಮುಟ್ಟಲೇಬೇಕು. ರೋಯಿಂಗ್‌ನಲ್ಲಿ ಮೊದಲು ಕಾಲು ಒದೆಯಬೇಕು, ಕೈ ಕೊನೆಗೆ ಎಳೆಯಬೇಕು.

ಬಿಸಿಲು ಮತ್ತು ಊಟ

ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಬಿಸಿಗೆ ದೇಹ ಒಗ್ಗಲು ಸುಮಾರು 10ರಿಂದ 14 ದಿನ ಬೇಕು. ಆ ಅವಧಿಯಲ್ಲಿ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಬರುತ್ತದೆ, ಅದೇ ವೇಗಕ್ಕೆ ಹೃದಯ ಬಡಿತ ಇಳಿಯುತ್ತದೆ. ಕಠಿಣ ಅಭ್ಯಾಸ ಸೂರ್ಯ ಏರುವ ಮುನ್ನವೇ ಮುಗಿಯಬೇಕು. ಬೇಸಿಗೆಯಲ್ಲಿ ಗಡಿಯಾರಕ್ಕಿಂತ ಉಸಿರಿನ ಅಂದಾಜನ್ನು ನಂಬಬೇಕು. ಇಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು. ನಮ್ಮದು ಒಣ ಬಿಸಿಲು, ಬೆವರು ಕೂಡಲೇ ಆರಿ ಮೈ ತಣಿಯುತ್ತದೆ. ಮುಂಬೈಯ ತೇವದ ಗಾಳಿಯಲ್ಲಿ ಬೆವರು ಆರದೆ ಮೈಯ ಮೇಲೇ ನಿಲ್ಲುವುದರಿಂದ ಅದೇ ವೇಗ ಹೆಚ್ಚು ದಣಿಸುತ್ತದೆ. ಹಾಗಾಗಿ ಅಲ್ಲಿ ಮೊದಲ ಎರಡು ಕಿಲೋಮೀಟರನ್ನು ಬೇಕೆಂದೇ ತಡೆದು ಓಡಬೇಕು.

ಜೋಳದ ರೊಟ್ಟಿ, ಪುಂಡಿಪಲ್ಯ, ತೊಗರಿ ಬೇಳೆ ತರಬೇತಿಯ ದಿನಗಳಿಗೆ ಒಳ್ಳೆಯ ಊಟ, ಆದರೆ ನಾರಿನಂಶ ಹೆಚ್ಚಿರುವುದರಿಂದ ಸ್ಪರ್ಧೆಯ ಬೆಳಿಗ್ಗೆ ಹೊಟ್ಟೆಗೆ ಭಾರವಾದೀತು. ಅಂದು ಮೂರು ತಾಸು ಮೊದಲು ದೇಹತೂಕದ ಪ್ರತಿ ಕೆ.ಜಿ.ಗೆ ಸುಮಾರು 2 ಗ್ರಾಂ ಕಾರ್ಬೋಹೈಡ್ರೇಟ್ ಸೇವಿಸಿದರೆ ಸಾಕು. 65 ಕೆ.ಜಿ. ತೂಕದವರಿಗೆ ಅದು 130 ಗ್ರಾಂ ಆಗುತ್ತದೆ. 100 ಗ್ರಾಂ ಮಂಡಕ್ಕಿಯ ಸುಸಲಾ ಮತ್ತು ಎರಡು ಬಾಳೆಹಣ್ಣು ಹೆಚ್ಚುಕಡಿಮೆ ಅಷ್ಟನ್ನು ಒದಗಿಸುತ್ತವೆ. ಖಾರ ಮತ್ತು ಶೇಂಗಾ ಕಡಿಮೆಯಿರಲಿ. ಈ ಉಪಾಹಾರವನ್ನು ಸ್ಪರ್ಧೆಯ ದಿನವೇ ಮೊದಲ ಬಾರಿ ತಿನ್ನದೆ, ಕೂಡು ಅಭ್ಯಾಸದ ಬೆಳಿಗ್ಗೆಗಳಲ್ಲಿ ತಿಂದು ಹೊಟ್ಟೆ ಒಪ್ಪುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು.