ಜುಕಿನೀಲಿ ಕಾರ್ಬ್ ಕಮ್ಮಿ ಯಾಕಂದ್ರೆ ಅದು ಎಳೆಕಾಯಿ

ನಾವಿರೋದು ನ್ಯೂಜೆರ್ಸೀಲಿ, ಮೇ ಕೊನೇಲಿ ಹಿತ್ತಲಲ್ಲಿ ಎರಡೇ ಎರಡು ಜುಕಿನಿ (ನೋಡೋಕೆ ಸೌತೆಕಾಯಿ ಥರ ಇರೋ, ಕುಂಬಳದ ಜಾತಿಯ ತರಕಾರಿ) ಗಿಡ ಹಾಕಿದ್ವಿ, ಜುಲೈ ಮಧ್ಯದಲ್ಲಿ ಕಾಯಿ ಬಿಡಕ್ಕೆ ಶುರುವಾಗಿದ್ದು ಆಗಸ್ಟ್ ಮುಗಿಯೋವರೆಗೂ ನಿಲ್ಲಲೇ ಇಲ್ಲ. ಪಲ್ಯ ಆಯ್ತು, ಹುಳಿ ಆಯ್ತು, ಮಜ್ಜಿಗೆಹುಳಿ ಆಯ್ತು, ಅಕ್ಕಪಕ್ಕದ ಮನೆಗಳಿಗೆ ಹಂಚಿದ್ದೂ ಆಯ್ತು. ಅದೇ ಹೊತ್ತಿಗೆ ನಮ್ಮನೆಯವ್ರ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ರಕ್ತಪರೀಕ್ಷೆ) 6.1 ಬಂತು, 5.7ರಿಂದ 6.4 ಇದ್ರೆ ಪ್ರೀಡಯಾಬಿಟಿಸ್, ಅಂದ್ರೆ ಸಕ್ಕರೆ ಕಾಯಿಲೆಗೆ ಮುಂಚಿನ ಹಂತ ಅಂತಾರೆ, ಡಾಕ್ಟರು ಕಾರ್ಬ್ (ಕಾರ್ಬೋಹೈಡ್ರೇಟ್, ಅಂದ್ರೆ ಪಿಷ್ಟ, ಸಕ್ಕರೆ ಇತ್ಯಾದಿ) ಇಳಿಸಿ ಅಂದ್ರು. ಇಲ್ಲಿ ಲೋ ಕಾರ್ಬ್ ಅಂತ ಬಾಯಿ ಬಿಟ್ರೆ ಎಲ್ರೂ ಮೊದಲು ಹೇಳೋದೇ ಜುಕಿನಿ. ಹಿತ್ತಲಲ್ಲೇ ಬೇಕಾದಷ್ಟಿದ್ಯಲ್ಲ, ನಿಜವಾಗ್ಲೂ ಎಷ್ಟು ಉಪಯೋಗ ಅಂತ ಲೆಕ್ಕ ಹಾಕ್ತಾ ಕೂತೆ.

100 ಗ್ರಾಂ ಹಸಿ ಜುಕಿನೀಲಿ ಸುಮಾರು 95 ಗ್ರಾಂ ಬರೀ ನೀರು. ಕಾರ್ಬ್ 3 ಗ್ರಾಂ ಚಿಲ್ಲರೆ, ಅದ್ರಲ್ಲಿ ನಾರೇ 1 ಗ್ರಾಂ. ಕ್ಯಾಲೊರಿ 17. ಅಷ್ಟೇ ತೂಕದ ಆಲೂಗಡ್ಡೇಲಿ 17 ಗ್ರಾಂ ಕಾರ್ಬ್, ಬೆಂದ ಅನ್ನದಲ್ಲಿ 28.

ಯಾಕೆ ಇಷ್ಟು ಕಮ್ಮಿ ಅನ್ನೋದಕ್ಕೆ ಉತ್ತರ ಗಿಡದಲ್ಲೇ ಸಿಗತ್ತೆ. ಇಲ್ಲಿ ಅಂಗಡೀಲಿ ಏಕಾರ್ನ್ ಸ್ಕ್ವಾಷ್ ಅಂತ ಒಂದು ಗಟ್ಟಿ ಸಿಪ್ಪೆಯ ಪುಟ್ಟ ಕುಂಬಳ ಸಿಗತ್ತೆ, ಅದೂ ಜುಕಿನೀನೂ ಒಂದೇ ಪ್ರಭೇದ, ಎರಡರ ಹೆಸ್ರೂ ಕುಕುರ್ಬಿಟಾ ಪೆಪೋ. ಆದ್ರೆ ಏಕಾರ್ನ್‌ನಲ್ಲಿ 100 ಗ್ರಾಂಗೆ 10 ಗ್ರಾಂ ಕಾರ್ಬ್ ಇದೆ. ತಳಿ ಬೇರೆ ಅನ್ನೋದು ಒಂದು ಕಾರಣ, ಇನ್ನೊಂದು ದೊಡ್ಡ ಕಾರಣ ಏನಂದ್ರೆ ಅದನ್ನ ಪೂರ್ತಿ ಬಲಿತ್ಮೇಲೆ ಕೀಳ್ತಾರೆ, ಜುಕಿನೀನ ಹೂ ಬಿಟ್ಟು ವಾರದೊಳಗೇ ಕೀಳ್ತೀವಿ. ಎಲೆ ಬಿಸಿಲಲ್ಲಿ ಮಾಡಿದ ಸಕ್ಕರೆ ಕಾಯಿಗೆ ಹರಿದು ಬರತ್ತೆ, ಮೊದಮೊದಲು ಅದೆಲ್ಲ ಕಾಯಿ ಬೆಳೆಯೋದಕ್ಕೇ ಖರ್ಚಾಗತ್ತೆ, ಒಂದೊಂದು ಜೀವಕೋಶವೂ ನೀರು ತುಂಬಿದ ಬಲೂನಿನ ಹಾಗೆ ಉಬ್ಬತ್ತೆ, ಅದಕ್ಕೇ ದಿನಕ್ಕೆ ಒಂದೆರಡು ಇಂಚು ಉದ್ದ ಆಗೋದು. ಗಿಡ ಇನ್ನೂ ಆ ಸಕ್ಕರೇನ ಕಾಯಲ್ಲಿ ಪಿಷ್ಟವಾಗಿ ಕೂಡಿಡೋಕ್ ಮುಂಚೆ ನಾವು ಕಿತ್ಕೊಂಡ್ ಬರ್ತೀವಿ.

ಇದು ಗೊತ್ತಾದ್ಮೇಲೆ ನಂಗೆ ಊರಿನ ತರಕಾರಿಗಳೇ ನೆನಪಾದವು. ಹೀರೆ, ಸೋರೆ, ಪಡವಲ, ಸೌತೆ ಎಲ್ಲ ಅದೇ ಕುಂಬಳದ ಕುಟುಂಬ, ಎಲ್ಲವನ್ನೂ ನಾವು ತಿನ್ನೋದು ಎಳೇದಿದ್ದಾಗಲೇ. ಸೋರೆ, ಹೀರೆ ಎರಡರಲ್ಲೂ ಕಾರ್ಬ್ 3ರಿಂದ 4 ಗ್ರಾಂ ಆಸುಪಾಸು. ಹಾಗಾಗಿ ಬೆಂಗಳೂರಲ್ಲೋ ಮೈಸೂರಲ್ಲೋ ಇರೋರು ಲೋ ಕಾರ್ಬ್‌ಗೋಸ್ಕರ ಅಂತ ಜಾಸ್ತಿ ದುಡ್ಡು ಕೊಟ್ಟು ಜುಕಿನಿ ತರೋ ಅಗತ್ಯ ಇಲ್ಲ ಅಂತ ನಾನು ಖಂಡಿತ ಹೇಳ್ತೀನಿ, ರುಚಿ ಇಷ್ಟ ಇದ್ರೆ ತನ್ನಿ, ಅದು ಬೇರೆ ಮಾತು.

ಈಗ ಲೋ ಕಾರ್ಬ್ ಅಂದ್ರೆ ಎಷ್ಟು? ಸಾಮಾನ್ಯವಾಗಿ ದಿನಕ್ಕೆ 130 ಗ್ರಾಂಗಿಂತ ಕಮ್ಮಿ ಕಾರ್ಬ್ ಇದ್ರೆ ಹಾಗೆ ಕರೀತಾರೆ. ಕೀಟೋ (ಕಾರ್ಬ್ ತೀರಾ ಕಮ್ಮಿ, ಕೊಬ್ಬು ಜಾಸ್ತಿ ಇರೋ ಪಥ್ಯ) ಆದ್ರೆ 20ರಿಂದ 50 ಗ್ರಾಂ, ಅದು 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ರಸೆಲ್ ವೈಲ್ಡರ್ ಮೂರ್ಛೆರೋಗಕ್ಕೆ ಅಂತ ಸೂಚಿಸಿದ ಪಥ್ಯ, ಬೊಜ್ಜಿಗೆ ಅಂತಲ್ಲ. ಒಂದು ಕಪ್ ಅನ್ನಕ್ಕೆ 45 ಗ್ರಾಂ ಹಿಡಿದ್ರೆ ಮೂರು ಕಪ್ಪಿಗೇ 130 ದಾಟೋಯ್ತು, ಇನ್ನು ದೋಸೆ, ಹಾಲು, ಹಣ್ಣು, ಬೇಳೆ ಯಾವ್ದೂ ಲೆಕ್ಕಕ್ಕೆ ಬಂದೇ ಇಲ್ಲ.

ನಾನು ಮೊದಲು ಮಾಡಿದ್ ತಪ್ಪು ಇಲ್ಲೇ. ಅಕ್ಕಿರೊಟ್ಟಿಗೆ ಜುಕಿನಿ ತುರಿದು ಹಾಕಿದ್ರೆ ಲೋ ಕಾರ್ಬ್ ಆಯ್ತು ಅಂದ್ಕೊಂಡಿದ್ದೆ. ಉಪ್ಪು ಬಿದ್ದಿದ್ದೇ ತಡ ತುರಿ ನೀರು ಬಿಡ್ತು, ಹಿಟ್ಟು ತೆಳ್ಳಗಾಯ್ತು, ತಟ್ಟಕ್ಕೇ ಬರ್ಲಿಲ್ಲ, ಸರಿ ಅಂತ ಇನ್ನೆರಡು ಹಿಡಿ ಅಕ್ಕಿಹಿಟ್ಟು ಸೇರಿಸ್ದೆ. 100 ಗ್ರಾಂ ಅಕ್ಕಿಹಿಟ್ಟಲ್ಲಿ 80 ಗ್ರಾಂ ಕಾರ್ಬ್ ಇರತ್ತೆ! ಅಂದ್ರೆ ತರಕಾರಿ ಹಾಕಿದ್ ರೊಟ್ಟೀಲಿ ಮಾಮೂಲಿಗಿಂತ ಕಾರ್ಬ್ ಜಾಸ್ತಿ ಆಗಿತ್ತು. ಜುಕಿನಿಗೆ ಕಾರ್ಬ್ ಹೀರ್ಕೊಳ್ಳೋ ಶಕ್ತಿ ಏನೂ ಇಲ್ಲ, ಅದು ತಟ್ಟೇಲಿ ಜಾಗ ಹಿಡಿಯತ್ತೆ ಅಷ್ಟೇ, ಆ ಜಾಗದಲ್ಲಿ ಮುಂಚೆ ಇದ್ದ ಅನ್ನವನ್ನೋ ಹಿಟ್ಟನ್ನೋ ತೆಗೆದ್ರೆ ಮಾತ್ರ ಲಾಭ. 100 ಗ್ರಾಂ ಹಿಟ್ಟಿನ ಬದ್ಲು 50 ಗ್ರಾಂ ಹಿಟ್ಟು, 100 ಗ್ರಾಂ ಹಿಂಡಿದ ತುರಿ ಹಾಕಿ ಮಾಡಿದ್ರೆ 80 ಗ್ರಾಂ ಇದ್ದಿದ್ದು 43ರ ಹತ್ರ ಇಳಿಯತ್ತೆ.

ಈ ಜಾಗ ಹಿಡಿಯೋ ಗುಣಕ್ಕೆ ಬೆಲೆ ಇದೆ. ಪೆನ್ಸಿಲ್ವೇನಿಯಾ ಸ್ಟೇಟ್ ಯೂನಿವರ್ಸಿಟೀಲಿ ಬಾರ್ಬರಾ ರೋಲ್ಸ್ ಅನ್ನೋ ವಿಜ್ಞಾನಿ ಮತ್ತವರ ತಂಡ 2011ರಲ್ಲಿ ಊಟದ ತಿಂಡಿಗಳಿಗೆ ತರಕಾರಿ ರುಬ್ಬಿ ಸೇರಿಸಿ ಜನಕ್ಕೆ ಬಡಿಸಿ ನೋಡಿದ್ರು. ತಿಂದೋರು ತೂಕದಲ್ಲಿ ಎಂದಿನಷ್ಟೇ ತಿಂದ್ರು, ಆದ್ರೆ ಹೊಟ್ಟೆಗೆ ಹೋದ ಕ್ಯಾಲೊರಿ ಕಮ್ಮಿ, ಹಸಿವಿನಲ್ಲಿ ವ್ಯತ್ಯಾಸ ಕಾಣ್ಲಿಲ್ಲ.

ಹಾಗಂತ ಪೂರ್ತಿ ಜುಕಿನಿ ಮೇಲೇ ನಿಂತ್ರೆ ಆಗಲ್ಲ. ಶಾವಿಗೆ ಥರ ಉದ್ದುದ್ದ ತುರಿದು ಪಾಸ್ತಾ ಬದ್ಲು ಹಾಕ್ಕೋತಾರಲ್ಲ, 200 ಗ್ರಾಂ ಬೆಂದ ಪಾಸ್ತಾಲಿ 60 ಗ್ರಾಂ ಕಾರ್ಬ್, ಅಷ್ಟೇ ಜುಕಿನೀಲಿ 6 ಗ್ರಾಂ, ಕೇಳೋಕೆ ಬಹಳ ಚೆನ್ನಾಗಿದೆ. ಆದ್ರೆ ಪ್ರೋಟೀನ್ ಎರಡೂವರೆ ಗ್ರಾಂ ಕೂಡ ಸಿಗಲ್ಲ, ಬರೀ ಅದನ್ನ ತಿಂದೋರಿಗೆ ಎರಡು ಗಂಟೇಲಿ ಮತ್ತೆ ಹಸಿವು, ಆಗ ಕೈ ಬಿಸ್ಕೆಟ್ ಡಬ್ಬಕ್ಕೆ ಹೋಗತ್ತೆ. ಮೊಟ್ಟೆ, ಪನೀರ್, ಕಡ್ಲೇಬೀಜ, ಮೊಸರು, ಕೋಳಿ, ಮೀನು, ಏನಾದ್ರೂ ಒಂದು ಜೊತೆಗೆ ಇರ್ಲೇಬೇಕು. ಜುಕಿನೀಲಿ ನಾರು ತುಂಬಾ ಇದೆ ಅಂತಲೂ ಹೇಳ್ತಾರೆ, ಅದು ಸರಿಯಲ್ಲ, ಬೆಂಡೇಕಾಯಲ್ಲಿ ಅದರ ಮೂರು ಪಟ್ಟು ನಾರಿದೆ.

ಇನ್ನು ಅಡುಗೆ. ಜುಕಿನಿ ಪಲ್ಯ ಗೊಜ್ಜಿನ ಥರ ಆಗೋಯ್ತು ಅನ್ನೋರೇ ಜಾಸ್ತಿ. ಉಪ್ಪು ಹಾಕಿದ್ರೆ ಹೊರಗಡೆ ಉಪ್ಪಿನಂಶ ಜಾಸ್ತಿ ಆಗಿ ಜೀವಕೋಶದೊಳಗಿನ ನೀರು ಪೊರೆ ದಾಟಿ ಹೊರಗೆ ಬರತ್ತೆ, ಉಪ್ಪಿನಕಾಯಿಗೆ ಮಾವಿನಕಾಯಿ ಉಪ್ಪಲ್ಲಿ ನೆನೆಹಾಕಿದಾಗ ಆಗೋದೂ ಇದೇ. ಪಾತ್ರೇಲಿ ನೀರಿರೋವರೆಗೂ ಬಿಸಿ 100 ಡಿಗ್ರಿ ದಾಟಲ್ಲ, ಕೆಂಪಗೆ ಹುರಿದ ರುಚಿ ಬರೋಕೆ 140 ಡಿಗ್ರಿ ಹತ್ರ ಬೇಕು, ಅದಕ್ಕೇ ಹೋಳು ಬೇಯತ್ತೆ ಹೊರ್ತು ಹುರಿಯಲ್ಲ. ಪಲ್ಯಕ್ಕಾದ್ರೆ ಅಗಲ ಬಾಣಲೆ, ಜೋರು ಉರಿ, ಮುಚ್ಚಳ ಬೇಡ, ಉಪ್ಪು ಕೊನೇಲಿ. ರೊಟ್ಟಿಗಾದ್ರೆ ಉಲ್ಟಾ, ತುರಿಗೆ ಮೊದಲೇ ಉಪ್ಪು ಹಾಕಿ 15 ನಿಮಿಷ ಬಿಟ್ಟು ಬಟ್ಟೇಲಿ ಹಿಂಡಿ, ಆ ನೀರನ್ನ ಚೆಲ್ಲದೆ ಹಿಟ್ಟು ಕಲಸೋಕೆ ಎಷ್ಟು ಬೇಕೋ ಅಷ್ಟು ಬಳಸಿ.

ಸಕ್ಕರೆ ಕಾಯಿಲೆಗೆ ಔಷಧಿ ತಗೊಳ್ಳೋರು ದಯವಿಟ್ಟು ಡಾಕ್ಟರನ್ನ ಕೇಳ್ದೆ ಕಾರ್ಬ್ ಏಕ್ದಂ ಕಮ್ಮಿ ಮಾಡ್ಬೇಡಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತಗೋತಿದ್ರೆ ಡೋಸ್ ಅದೇ ಇದ್ದು ಅನ್ನ ಮಾತ್ರ ಕಮ್ಮಿ ಆದ್ರೆ ಶುಗರ್ ಅಪಾಯದ ಮಟ್ಟಕ್ಕೆ ಇಳೀಬಹುದು. ಡಾಪಾಗ್ಲಿಫ್ಲೋಜಿನ್ ಥರ ಸಕ್ಕರೇನ ಮೂತ್ರದಲ್ಲಿ ಹೊರಹಾಕೋ ಮಾತ್ರೆ ತಗೊಳ್ಳೋರು ಕೀಟೋ ಮಾಡಿದ್ರೆ ರಕ್ತ ಆಮ್ಲೀಯ ಆಗೋ ಅಪಾಯ ಇದೆ, ಅದೂ ಶುಗರ್ ರೀಡಿಂಗ್ ಅಷ್ಟೇನೂ ಜಾಸ್ತಿ ಇಲ್ದಿದ್ದಾಗಲೂ.

ಕೊನೇದು ಕಹಿ ವಿಚಾರ, ಇದನ್ನ ಮನೇಲಿ ಬೆಳೆಯೋರು ತಿಳ್ಕೊಳ್ಳಲೇಬೇಕು. ಜುಕಿನಿ ವಂಶದ ಮೂಲ ಮೆಕ್ಸಿಕೊ, ಅಲ್ಲಿನ ಒಹಾಕಾದ ಗಿಲಾ ನಾಕಿಟ್ಸ್ ಗುಹೇಲಿ ಸಿಕ್ಕಿರೋ ಕುಂಬಳದ ಬೀಜಗಳಿಗೆ ಸುಮಾರು 10,000 ವರ್ಷ. ಕಾಡು ಕುಂಬಳದ ತಿರುಳು ವಿಷದಂಥ ಕಹಿ, ಕುಕುರ್ಬಿಟಾಸಿನ್ ಅನ್ನೋ ರಾಸಾಯನಿಕ ಅದಕ್ಕೆ ಕಾರಣ. ತಲೆಮಾರುಗಟ್ಲೆ ಕಹಿ ಇಲ್ಲದ ಗಿಡಗಳನ್ನೇ ಆರಿಸ್ತಾ ಬಂದು, 19ನೇ ಶತಮಾನದಲ್ಲಿ ಇಟಲಿಯ ಮಿಲಾನ್ ಸುತ್ತಮುತ್ತ ಇವತ್ತಿನ ಜುಕಿನಿ ರೂಪಕ್ಕೆ ಬಂತು. ಆದ್ರೆ ಹಿತ್ತಲಲ್ಲಿ ಅಲಂಕಾರದ ಕುಂಬಳಗಿಡ ಇದ್ದು ಜೇನುನೊಣ ಅದರ ಪರಾಗ ತಂದು ಹಾಕಿದ್ರೆ ಮುಂದಿನ ವರ್ಷ ಆ ಬೀಜದ ಗಿಡದಲ್ಲಿ ಕಹಿ ವಾಪಸ್ ಬರಬಹುದು, ಹಾಗಾಗಿ ಜುಕಿನಿ ಬೀಜ ಮನೇಲಿ ಎತ್ತಿಡದೆ ಹೊಸದಾಗಿ ಕೊಳ್ಳೋದೇ ಒಳ್ಳೇದು. ಭಾರತದಲ್ಲಿ ಕಹಿ ಸೋರೆಕಾಯಿ ಜ್ಯೂಸ್ ಕುಡಿದು ಸಾವುಗಳಾಗಿ, ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ತಜ್ಞರ ಸಮಿತಿ ಮಾಡಿ ಕಹಿ ಇದ್ರೆ ಕುಡೀಲೇಬೇಡಿ ಅಂತ ಹೇಳಿತ್ತು, ಅಲ್ಲೂ ಇದೇ ಕುಕುರ್ಬಿಟಾಸಿನ್. ಬೇಯಿಸಿದ್ರೂ ಇದು ಹೋಗಲ್ಲ. ನಮ್ಮಮ್ಮ ಸೋರೆಕಾಯಿ, ಸೌತೆಕಾಯಿ ಯಾವ್ದೇ ಹೆಚ್ಚಿದ್ರೂ ಮೊದಲು ಒಂದು ಚೂರು ನಾಲಿಗೆ ಮೇಲಿಟ್ಟು ನೋಡೋರು, ನಾನೀಗ ಪ್ರತಿ ಜುಕಿನಿಗೂ ಹಾಗೇ ಮಾಡ್ತೀನಿ, ಕಹಿ ಅನ್ಸಿದ್ರೆ ಉಗಿದು ಇಡೀ ಕಾಯಿ ಎಸೀತೀನಿ.